ಹಿಮದ ಗುಡ್ಡಕ್ಕೆ ಹಗ್ಗ ಬಂದದ್ದು ಹೇಗೆ? ಗುಲ್ಮಾರ್ಗ್ ಕುರಿತು ಓದುಗರ ಪ್ರಶ್ನೆಗಳು

ಅಡಿಕೆ ಕೊಯ್ಲು ಮುಗಿಸಿಕೊಂಡು ಕಾಶ್ಮೀರದ ಹಿಮ ನೋಡಲು ಹೊರಟವರು, ಮಕ್ಕಳಿಗೆ ಸ್ಕೀ ಕಲಿಸಬೇಕೆಂದಿರುವವರು, ಕೊಡಚಾದ್ರಿಗೆ ರೋಪ್‌ವೇ ಬೇಕೋ ಬೇಡವೋ ಎಂದು ಚರ್ಚೆ ಮಾಡುತ್ತಿರುವವರು, ಎಲ್ಲರೂ ಈ ಸಲ ಗುಲ್ಮಾರ್ಗ್ ಬಗ್ಗೆಯೇ ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಗುಲ್ಮಾರ್ಗ್‌ನ ಸ್ಕೀ ಕೇಂದ್ರ ಬ್ರಿಟಿಷರು ಕಟ್ಟಿದ್ದು ಅಂತ ಒಬ್ಬರು, ನಮ್ಮ ಸೈನ್ಯ ಕಟ್ಟಿದ್ದು ಅಂತ ಇನ್ನೊಬ್ಬರು ಹೇಳ್ತಾರೆ. ಯಾವುದು ಸರಿ?
– ಸಾಗರದ ಓದುಗರೊಬ್ಬರು

ಇಬ್ಬರ ಮಾತಲ್ಲೂ ಅರ್ಧರ್ಧ ಸತ್ಯವಿದೆ. ಹಿಮದ ಮೇಲೆ ಜಾರಲು ಕಾಲಿಗೆ ತೊಡುವ ಸ್ಕೀ ಹಲಗೆಯನ್ನು ಅಲ್ಲಿಗೆ ತಂದವರು ಬ್ರಿಟಿಷರು. ಅವರು ಹೋದ ಮೇಲೆ ಆ ವಿದ್ಯೆಯನ್ನು ಉಳಿಸಿಕೊಂಡದ್ದು ಸೈನ್ಯ. ಇವತ್ತು ನೀವು ನೋಡುವ ಕೇಂದ್ರವಾದರೋ ಈ ಎರಡಕ್ಕಿಂತಲೂ ಈಚಿನದು.

ಗೌರಿಮಾರ್ಗ್ ಎಂಬ ಹಳೆಯ ಹೆಸರಿದ್ದ ಈ ಹುಲ್ಲುಗಾವಲನ್ನು ಗುಲ್ಮಾರ್ಗ್ ಎಂದು ಕರೆದವನು 16ನೇ ಶತಮಾನದ ಕಾಶ್ಮೀರದ ಸುಲ್ತಾನ ಯೂಸುಫ್ ಶಾ ಚಕ್. ಮೊಗಲ್ ದೊರೆ ಜಹಾಂಗೀರ್ ಇಲ್ಲಿಂದ 21 ಬಗೆಯ ಕಾಡು ಹೂಗಳನ್ನು ಆಯಿಸಿದ್ದ. ಬ್ರಿಟಿಷ್ ಅಧಿಕಾರಿಗಳಿಗೂ ಇದು ಬೇಸಿಗೆಯ ತಂಪು ತಾಣವೇ ಆಗಿತ್ತು. ಗಾಲ್ಫ್ ಮೈದಾನ ಮಾಡಿಕೊಂಡರು, 1902ರಲ್ಲಿ ಸೇಂಟ್ ಮೇರಿ ಚರ್ಚ್ ಕಟ್ಟಿದರು, ಹಿಮ ಬೀಳುವ ಹೊತ್ತಿಗೆ ಗಂಟುಮೂಟೆ ಕಟ್ಟಿ ಕೆಳಗಿಳಿದರು. ಚಳಿಗಾಲದಲ್ಲಿ ಮೇಲೆ ಹೋಗುವ ರೂಢಿ ಶುರುವಾದದ್ದು 1927ರಲ್ಲಿ ಸ್ಕೀ ಕ್ಲಬ್ ಆಫ್ ಇಂಡಿಯಾ ಹುಟ್ಟಿದ ಮೇಲೆ. ಕ್ರಿಸ್‌ಮಸ್ ಮತ್ತು ಈಸ್ಟರ್ ಸಮಯದಲ್ಲಿ ಅವರ ಕೂಟಗಳು ನಡೆಯುತ್ತಿದ್ದವು. ಆಗ ಯಂತ್ರವೆಂಬುದೇ ಇಲ್ಲ. ಗುಲ್ಮಾರ್ಗ್‌ಗಿಂತ ಮೇಲಿರುವ ಖಿಲನ್‌ಮಾರ್ಗ್‌ನ ಇಳಿಜಾರಿಗೆ ಕಾಲ್ನಡಿಗೆಯಲ್ಲಿ ಹತ್ತಬೇಕು. ಗಂಟೆಗಟ್ಟಲೆ ಹತ್ತಿ ಕೆಲವೇ ನಿಮಿಷ ಜಾರುವ ಆಟ ಅದು. ಕಸುವು ಮತ್ತು ಪುರುಸೊತ್ತು ಎರಡೂ ಇದ್ದವರಿಗೆ ಮಾತ್ರ ಒಗ್ಗುವಂಥದ್ದು.

ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರ ಡಿಸೆಂಬರಿನಲ್ಲಿ, 19ನೇ ಪದಾತಿ ಡಿವಿಷನ್ ಗುಲ್ಮಾರ್ಗ್‌ನಲ್ಲಿ ಸ್ಕೀ ಶಾಲೆ ತೆರೆಯಿತು. ಆ ಡಿವಿಷನ್ನಿನ ದಂಡನಾಯಕರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ. ಅದೇ ವರ್ಷದ ನವೆಂಬರಿನಲ್ಲಿ ಲಡಾಖ್ ದಾರಿಯ ಜೋಜಿ ಲಾ ಕಣಿವೆಗೆ ಟ್ಯಾಂಕು ಹತ್ತಿಸಿ ಗೆದ್ದ ಪಡೆ ಅದು. ಹಿಮದಲ್ಲಿ ಓಡಾಡಲು ಬಾರದ ಸೈನಿಕನಿಗೆ ಅಲ್ಲಿ ಉಳಿಗಾಲವಿಲ್ಲ ಎಂಬುದನ್ನು ಯುದ್ಧವೇ ಕಲಿಸಿತ್ತು. ಆ ಶಾಲೆ ಬೆಳೆದು ಎತ್ತರದ ಪರ್ವತಗಳಲ್ಲಿ ಯುದ್ಧ ಮಾಡುವುದನ್ನು ಕಲಿಸುವ ಈಗಿನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಗಿದೆ. ಗುಲ್ಮಾರ್ಗ್ ಎಂದಾಗ ಹೂವು, ಸಿನಿಮಾ ಹಾಡುಗಳನ್ನಷ್ಟೇ ನೆನೆಯುವ ನಾವು ಈ ಭಾಗವನ್ನು ಮರೆಯಬಾರದು.

ನಾಗರಿಕರಿಗಾಗಿ ಕೇಂದ್ರ ಮಾಡುವ ಯೋಚನೆ 1960ರ ದಶಕದ್ದು. ಭಾರತದಲ್ಲಿ ಚಳಿಗಾಲದ ಕ್ರೀಡೆಗೆ ತಕ್ಕ ಜಾಗ ಹುಡುಕಿಕೊಡಲು ಆಸ್ಟ್ರಿಯಾದ ಸ್ಕೀ ಪಟು ರುಡಾಲ್ಫ್ ಮಾಟ್ ಅವರನ್ನು ಕರೆಸಲಾಯಿತು. ಅವರು ತೋರಿಸಿದ್ದು ಗುಲ್ಮಾರ್ಗ್. ಜಾಗ ನೋಡಿದರೆ ಕಾರಣ ಹೊಳೆಯುತ್ತದೆ. ಸುಮಾರು 2,650 ಮೀಟರ್ ಎತ್ತರದಲ್ಲಿ ಹೊಸಬರಿಗೆ ಹೇಳಿ ಮಾಡಿಸಿದಂಥ ಸೌಮ್ಯ ಇಳಿಜಾರಿನ ಬಯಲು, ಅದರ ಬೆನ್ನಿಗೇ 4,000 ಮೀಟರ್ ಮೀರುವ ಅಫರ್‌ವತ್ ಶಿಖರ, ಶ್ರೀನಗರದಿಂದ ಐವತ್ತು ಚಿಲ್ಲರೆ ಕಿಲೋಮೀಟರ್ ದಾರಿ. 1968ರಲ್ಲಿ ಸ್ಕೀ ಮತ್ತು ಪರ್ವತಾರೋಹಣ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ ಅಲ್ಲೇ ಆರಂಭವಾಯಿತು.

ಶಿಖರದ ಕಡೆಗೆ ಹಗ್ಗ ಎಳೆಯುವ, ಅಂದರೆ ಜನರನ್ನು ಡಬ್ಬಿಗಳಲ್ಲಿ ಮೇಲೆ ಒಯ್ಯುವ ಗೊಂಡೊಲಾ ಎಂಬ ರೋಪ್‌ವೇ ಕಟ್ಟುವ ಕೆಲಸ ಮಾತ್ರ ಸುಲಭಕ್ಕೆ ಆಗಲಿಲ್ಲ. 1980ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಪೊಮಗಾಲ್‌ಸ್ಕಿ ಕಂಪನಿಯ ಜೊತೆ ಒಪ್ಪಂದವಾಗಿ ಕಾಮಗಾರಿ ಶುರುವಾಯಿತು. 1990ರಲ್ಲಿ ಕಣಿವೆಯಲ್ಲಿ ಉಗ್ರರ ಹಿಂಸೆ ಹೊತ್ತಿಕೊಂಡಿತು, ಕೆಲಸ ನಿಂತಿತು. ಗುಲ್ಮಾರ್ಗ್‌ನಿಂದ ಕಾಂಗ್‌ಡೂರಿಗೆ, ಅಂದರೆ ಸುಮಾರು 3,080 ಮೀಟರ್ ಎತ್ತರಕ್ಕೆ ಹೋಗುವ ಮೊದಲ ಹಂತ ಓಡಿದ್ದು 1998ರಲ್ಲಿ. ಅಲ್ಲಿಂದ ಅಫರ್‌ವತ್ ಹೆಗಲಿಗೆ, ಸುಮಾರು 3,950 ಮೀಟರಿಗೆ ಏರುವ ಎರಡನೇ ಹಂತ 2005ರ ಮೇ ತಿಂಗಳಲ್ಲಿ ತೆರೆಯಿತು. ಹೊರದೇಶದ ಸ್ಕೀ ಪಟುಗಳು ಗುಲ್ಮಾರ್ಗ್ ಹೆಸರು ಹಿಡಿದು ಹುಡುಕಿಕೊಂಡು ಬರತೊಡಗಿದ್ದು ಈ ಎರಡನೇ ಹಂತದಿಂದ.

ಲೆಕ್ಕ ಹಾಕಿ ನೋಡಿ. ಕ್ಲಬ್ ಹುಟ್ಟಿದ್ದಕ್ಕೂ ಎರಡನೇ ಹಂತ ತೆರೆದದ್ದಕ್ಕೂ ನಡುವೆ 78 ವರ್ಷ. ಅಷ್ಟು ವರ್ಷವೂ ಹಿಮ ಬೀಳುತ್ತಲೇ ಇತ್ತು. ಹಿಮವಿದ್ದ ಮಾತ್ರಕ್ಕೆ ಸ್ಕೀ ಕೇಂದ್ರ ಆಗುವುದಿಲ್ಲ. ಅಲ್ಲಿ ಕಲಿಸುವವರಿರಬೇಕು, ಚಳಿಗಾಲದಲ್ಲೂ ತೆರೆದಿರುವ ರಸ್ತೆ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಮನುಷ್ಯನನ್ನು ಮೇಲಕ್ಕೆ ಒಯ್ಯುವ ಯಂತ್ರ ಬೇಕು.

ಹಾಗಾದರೆ ಈ ಲಿಫ್ಟುಗಳನ್ನು ಮೊದಲು ಕಂಡುಹಿಡಿದವರು ಯಾರು? ಸ್ವಿಟ್ಜರ್‌ಲೆಂಡಿನವರಾ?
– ತೀರ್ಥಹಳ್ಳಿಯ ಕಾಲೇಜು ವಿದ್ಯಾರ್ಥಿನಿ

ಅಲ್ಲ. ಇದರಲ್ಲಿ ಮೊದಲ ಹೆಸರು ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಒಬ್ಬ ರೈತನದು. ಶೊಲ್ಲಾಖ್ ಎಂಬ ಊರಿನ ರಾಬರ್ಟ್ ವಿಂಟರ್‌ಹಾಲ್ಡರ್‌ಗೆ ಬೇಸಾಯದ ಜೊತೆಗೆ ಒಂದು ವಸತಿಗೃಹವೂ ಇತ್ತು. ಬಂದ ಅತಿಥಿಗಳು ಗುಡ್ಡ ಹತ್ತಲಾರದೆ ಸೋಲುವುದನ್ನು ಕಂಡು, ತನ್ನ ನೀರಿನ ಗಿರಣಿಯ ಚಕ್ರದ ಬಲದಿಂದಲೇ ತಿರುಗುವ ಹಗ್ಗವನ್ನು 280 ಮೀಟರ್ ಉದ್ದಕ್ಕೆ ಗುಡ್ಡದ ಮೇಲೆ ಎಳೆದ. 1908ರ ಫೆಬ್ರುವರಿಯಲ್ಲಿ ಅದು ಓಡಿತು. ಸ್ಕೀ ತೊಟ್ಟವರು ಹಗ್ಗದ ಹಿಡಿಕೆ ಹಿಡಿದು ನಿಂತರೆ ಮೇಲಕ್ಕೆ ಎಳೆದುಕೊಂಡು ಹೋಗುತ್ತಿತ್ತು.

ಸ್ವಿಟ್ಜರ್‌ಲೆಂಡಿನ ದಾವೋಸ್‌ನಲ್ಲಿ ಎರ್ನ್‌ಸ್ಟ್ ಕಾನ್‌ಸ್ಟಾಮ್ ಎಂಬ ಎಂಜಿನಿಯರ್ ಇದನ್ನೇ ತಿದ್ದಿ, ಸೊಂಟದ ಹಿಂದೆ ಸಿಕ್ಕಿಸಿಕೊಳ್ಳುವ ಕೊಕ್ಕೆಯ ಲಿಫ್ಟನ್ನು 1934ರ ಡಿಸೆಂಬರಿನಲ್ಲಿ ತೆರೆದರು. ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಫೋರ್ಡ್ ಕಾರಿನ ಎಂಜಿನ್ನಿಗೆ ಹಗ್ಗ ಸುತ್ತಿ ಗುಡ್ಡಕ್ಕೆ ಎಳೆಯುವ ವ್ಯವಸ್ಥೆ ಬಂದಿತ್ತು. ಗುಲ್ಮಾರ್ಗ್‌ನ ಬಯಲಲ್ಲಿ ಹೊಸಬರಿಗಿರುವ ಎಳೆಯುವ ಲಿಫ್ಟುಗಳು ಇದೇ ವಂಶದವು.

ಕುರ್ಚಿ ಲಿಫ್ಟಿನ ಹುಟ್ಟು ಬಾಳೆಗೊನೆಯಲ್ಲಿದೆ ಎಂದರೆ ನಮ್ಮ ಕಡೆಯವರಿಗೆ ಖುಷಿಯಾಗಬಹುದು. ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲ್ವೆ ಕಂಪನಿ ಚಳಿಗಾಲದಲ್ಲೂ ರೈಲಿಗೆ ಜನ ಬರಲೆಂದು ಐಡಾಹೊದಲ್ಲಿ ಸನ್ ವ್ಯಾಲಿ ಎಂಬ ತಾಣವನ್ನು 1936ರಲ್ಲಿ ತೆರೆಯಿತು. ಅದರ ಎಂಜಿನಿಯರ್ ಜೇಮ್ಸ್ ಕರನ್ ಅದಕ್ಕೂ ಮುಂಚೆ, ಕೊಕ್ಕೆಗೆ ನೇತು ಹಾಕಿದ ಬಾಳೆಗೊನೆಗಳನ್ನು ಹಡಗಿಗೆ ಸಾಗಿಸುವ ತಂತಿ ಯಂತ್ರದ ಕೆಲಸ ಮಾಡಿದ್ದರು. ಕೊಕ್ಕೆ ಇದ್ದಲ್ಲಿ ಕುರ್ಚಿ ತೂಗುಹಾಕಿದರು. ಓಡುತ್ತಿರುವ ಕುರ್ಚಿಗೆ ಜನ ಎಷ್ಟು ವೇಗದಲ್ಲಿ ಹತ್ತಬಲ್ಲರು ಎಂದು ತಿಳಿಯಲು ಲಾರಿಯ ಪಕ್ಕಕ್ಕೆ ಕುರ್ಚಿ ಕಟ್ಟಿ ಪರೀಕ್ಷೆ ಮಾಡಿದರು. ಬಯಲುಸೀಮೆಯಂಥ ಒಮಾಹಾದಲ್ಲಿ ಹಿಮದ ಗುಡ್ಡವಿಲ್ಲದೆಯೇ ಈ ಯಂತ್ರ ತಯಾರಾಯಿತು.

ಇನ್ನೊಂದು ಸಂಗತಿ. ಇವತ್ತಿನ ಸ್ಲಾಲಂ ಸ್ಪರ್ಧೆಗೆ, ಅಂದರೆ ಕಂಬಗಳ ನಡುವೆ ಓಲಾಡಿ ಇಳಿಯುವ ಓಟಕ್ಕೆ, 1922ರಲ್ಲಿ ಸ್ವಿಟ್ಜರ್‌ಲೆಂಡಿನ ಮ್ಯೂರೆನ್‌ನಲ್ಲಿ ನಿಯಮ ಮಾಡಿದ ಆರ್ನಾಲ್ಡ್ ಲನ್ ಹುಟ್ಟಿದ್ದು ಮದರಾಸಿನಲ್ಲಿ, 1888ರಲ್ಲಿ.

ಒಂದೇ ಹಗ್ಗಕ್ಕೆ ಅಷ್ಟೊಂದು ಡಬ್ಬಿಗಳು. ಹಗ್ಗ ಓಡ್ತಾನೇ ಇರುತ್ತೆ, ಆದರೆ ನಿಲ್ದಾಣದಲ್ಲಿ ಡಬ್ಬಿ ಮಾತ್ರ ನಿಧಾನ ಆಗುತ್ತೆ. ಅದು ಹೇಗೆ? ಕೊಡಚಾದ್ರಿಗೆ ರೋಪ್‌ವೇ ಆದರೂ ಹೀಗೇ ಇರುತ್ತಾ?
– ಹೊಸನಗರ ತಾಲ್ಲೂಕಿನ ಓದುಗರು

ಡಬ್ಬಿಯ ತಲೆಯ ಮೇಲೆ ಬಲವಾದ ಸ್ಪ್ರಿಂಗುಗಳಿರುವ ಒಂದು ಹಿಡಿ ಇದೆ. ಎಲ್ಲ ರಹಸ್ಯವೂ ಅದರಲ್ಲೇ. ದಾರಿಯಲ್ಲಿ ಆ ಹಿಡಿ ಉಕ್ಕಿನ ಹಗ್ಗವನ್ನು ಕಚ್ಚಿಕೊಂಡಿರುತ್ತದೆ. ನಿಲ್ದಾಣದ ಒಳಕ್ಕೆ ಬರುತ್ತಿದ್ದಂತೆ ಹಿಡಿಯ ಸನ್ನೆಕೋಲು ಒಂದು ಓರೆ ಹಳಿಗೆ ತಾಗಿ ಒತ್ತಿಕೊಳ್ಳುತ್ತದೆ, ಬಾಯಿ ತೆರೆಯುತ್ತದೆ. ಹಗ್ಗ ತನ್ನ ಪಾಡಿಗೆ ಓಡುತ್ತದೆ, ಡಬ್ಬಿ ಅದರಿಂದ ಬಿಡಿಸಿಕೊಂಡು ಸಾಲಾಗಿ ಜೋಡಿಸಿದ ಸಣ್ಣ ರಬ್ಬರ್ ಚಕ್ರಗಳ ವಶಕ್ಕೆ ಬರುತ್ತದೆ. ಒಂದೊಂದು ಚಕ್ರವೂ ಹಿಂದಿನದಕ್ಕಿಂತ ನಿಧಾನ. ಸೆಕೆಂಡಿಗೆ ಐದು ಮೀಟರ್ ಆಸುಪಾಸಿನಲ್ಲಿ ಬಂದ ಡಬ್ಬಿ, ಅಜ್ಜಿಯೂ ಹತ್ತುವಷ್ಟು ನಿಧಾನವಾಗುವುದು ಹೀಗೆ. ಹೊರಡುವಾಗ ಇದೇ ಕ್ರಮ ತಿರುಗುಮುರುಗು. ಚಕ್ರಗಳು ಡಬ್ಬಿಯನ್ನು ಹಗ್ಗದ ವೇಗಕ್ಕೆ ತಂದ ಮೇಲೆಯೇ ಹಿಡಿ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಹಿಡಿ ಬಿಗಿಯಾಗಿದೆಯೇ ಎಂದು ನಿಲ್ದಾಣ ಬಿಡುವ ಮೊದಲೇ ಯಂತ್ರ ಅಳೆಯುತ್ತದೆ. ಬಿಗಿ ಸಾಲದಿದ್ದರೆ ಇಡೀ ಸಾಲು ನಿಲ್ಲುತ್ತದೆ. ನೀವು ನಡುದಾರಿಯಲ್ಲಿ ತೂಗುತ್ತ ಎರಡು ನಿಮಿಷ ನಿಂತರೆ ಗಾಬರಿ ಬೇಡ. ಹೆಚ್ಚಿನ ಸಲ ಇಂಥದ್ದೇ ಒಂದು ಸೂಚನೆ ಅಥವಾ ಗಾಳಿ ಕಾರಣವಾಗಿರುತ್ತದೆ. ಕರೆಂಟು ಹೋದರೆ ಡಬ್ಬಿಗಳನ್ನು ನಿಲ್ದಾಣಕ್ಕೆ ಸೇರಿಸಲು ಡೀಸೆಲ್ ಎಂಜಿನ್ ಇರುತ್ತದೆ.

ಹಗ್ಗಕ್ಕೆ ಗಂಟು ಹಾಕುವಂತಿಲ್ಲ. ಎರಡು ತುದಿಗಳ ಎಳೆಗಳನ್ನು ಬಿಚ್ಚಿ, ಒಂದರ ಜಾಗದಲ್ಲಿ ಇನ್ನೊಂದನ್ನು ಹೆಣೆದು ಸೇರಿಸುತ್ತಾರೆ. ಆ ಹೆಣಿಗೆ ಹಗ್ಗದ ದಪ್ಪದ 1,200 ಪಟ್ಟಾದರೂ ಉದ್ದವಿರಬೇಕು, 40 ಮಿ.ಮೀ. ಹಗ್ಗವಾದರೆ 48 ಮೀಟರ್. ಹೊರಗಿನಿಂದ ಕಾಣದ ಒಳತಂತಿ ತುಂಡಾಗಿದ್ದರೆ ಗೊತ್ತಾಗಲಿ ಎಂದು ಹಗ್ಗವನ್ನು ಆಗಾಗ ಕಾಂತೀಯ ಪರೀಕ್ಷೆಗೆ ಒಡ್ಡುತ್ತಾರೆ. ಬಿಸಿಲಿಗೆ ಹಗ್ಗ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಜನ ತುಂಬಿದರೆ ಜಗ್ಗುತ್ತದೆ. ಹೀಗಾಗಿ ಒಂದು ತುದಿಯ ದೊಡ್ಡ ಗಾಲಿಯನ್ನು ಹಿಂದೆ ಮುಂದೆ ಸರಿಯುವಂತೆ ಕೂರಿಸಿ, ಹಗ್ಗ ಸದಾ ಬಿಗಿಯಾಗಿರುವಂತೆ ನೋಡಿಕೊಳ್ಳುತ್ತಾರೆ.

ಎಲ್ಲ ರೋಪ್‌ವೇಗಳೂ ಹೀಗಿರುವುದಿಲ್ಲ. ಉತ್ತರಾಖಂಡದ ಜೋಶಿಮಠದಿಂದ ಔಲಿಗೆ ಹೋಗುತ್ತಿದ್ದ ಸುಮಾರು ನಾಲ್ಕು ಕಿ.ಮೀ. ಹಾದಿಯಲ್ಲಿ ಇದ್ದದ್ದು ಎರಡೇ ದೊಡ್ಡ ಡಬ್ಬಿಗಳು. ಒಂದು ಏರಿದರೆ ಇನ್ನೊಂದು ಇಳಿಯುತ್ತಿತ್ತು, ಒಂದರ ಭಾರ ಇನ್ನೊಂದಕ್ಕೆ ಆಸರೆ. ಕಡಿಮೆ ಕಂಬ ಸಾಕು, ಆದರೆ ಗಂಟೆಗೆ ಸಾಗುವ ಜನವೂ ಕಡಿಮೆ.

ಕೊಡಚಾದ್ರಿಯ ಬಗ್ಗೆ ನಮ್ಮ ಅಭಿಪ್ರಾಯ ಕೇಳಿದರೆ, ಯಾವ ಬಗೆಯ ಯಂತ್ರ ಎನ್ನುವುದಕ್ಕಿಂತ ಮೊದಲು ಹಗ್ಗದ ಎರಡು ಬದಿ ಎಷ್ಟು ಅಗಲಕ್ಕೆ ಮರ ತೆಗೆಯುತ್ತಾರೆ ಎಂದು ಕೇಳಿ. 2017ರ ಜೂನ್ 25ರಂದು ಗುಲ್ಮಾರ್ಗ್‌ನಲ್ಲಿ ಜೋರು ಗಾಳಿಗೆ ಮರವೊಂದು ಮುರಿದು ರೋಪ್‌ವೇ ಮೇಲೆ ಬಿದ್ದು ಏಳು ಜನ ಸತ್ತರು. ಅಲ್ಲಿ ಹಗ್ಗ ಹಾದುಹೋಗುವುದು ಸೂಚಿಪರ್ಣಿ ಕಾಡಿನ ನಡುವೆ. ನಮ್ಮ ಕಾಡು ಅದಕ್ಕಿಂತ ದಟ್ಟ, ಮುಂಗಾರಿನ ಗಾಳಿ ತಿಂಗಳುಗಟ್ಟಲೆ ಬಿಡುವುದಿಲ್ಲ, ಉಕ್ಕಿಗೆ ತುಕ್ಕು ಹಿಡಿಸುವ ತೇವವೂ ನಮ್ಮಲ್ಲೇ ಹೆಚ್ಚು. ಮರ ಉಳಿಸಿದರೆ ಹಗ್ಗಕ್ಕೆ ಅಪಾಯ, ಹಗ್ಗ ಉಳಿಸಬೇಕೆಂದರೆ ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡಿಗೆ ಅಪಾಯ. ಈ ಪ್ರಶ್ನೆಗೆ ಅಳತೆಯ ಸಮೇತ ಉತ್ತರ ಸಿಗದ ಯೋಜನೆಯನ್ನು ಒಪ್ಪಬಾರದು.

ಮುಳ್ಳಯ್ಯನಗಿರಿಯಲ್ಲಿ ಜನವರಿ ಬೆಳಗ್ಗೆ ಹಲ್ಲು ಕಟಕಟ ಅನ್ನುತ್ತೆ. ಆದರೂ ಹಿಮ ಯಾಕೆ ಬೀಳಲ್ಲ?
– ಚಿಕ್ಕಮಗಳೂರಿನ ಶಾಲಾ ಬಾಲಕ

ಎತ್ತರ ಸಾಲದು ಮಗು. ನಮ್ಮ ಅಕ್ಷಾಂಶದಲ್ಲಿ ಆಕಾಶದ ಉಷ್ಣತೆ ಸೊನ್ನೆಗೆ ಇಳಿಯುವುದು ವರ್ಷವಿಡೀ ಸುಮಾರು 5,000 ಮೀಟರ್ ಎತ್ತರದಲ್ಲಿ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಕೊಡಚಾದ್ರಿ 1,343. ಮೇಲೆ ಹಿಮವಾಗಿ ಹೊರಟದ್ದೂ ಇಲ್ಲಿಗೆ ಬರುವಷ್ಟರಲ್ಲಿ ಮಳೆಯಾಗಿರುತ್ತದೆ. ಜೊತೆಗೆ ನಮಗೆ ಚಳಿ ಇರುವಾಗ ಮೋಡ ಇರುವುದಿಲ್ಲ, ಮೋಡ ಇರುವಾಗ ಚಳಿ ಇರುವುದಿಲ್ಲ. ಕಾಶ್ಮೀರಕ್ಕೆ ಹಿಮ ತರುವುದು ಮುಂಗಾರು ಅಲ್ಲ. ಮೆಡಿಟರೇನಿಯನ್ ಕಡೆಯಿಂದ ಚಳಿಗಾಲದಲ್ಲಿ ಬರುವ ಪಶ್ಚಿಮದ ಮಾರುತಗಳು. ಹೊಸ ಹಿಮಕ್ಕೆ ಸಾಮಾನ್ಯವಾಗಿ 1 ಮಿ.ಮೀ. ನೀರಿಗೆ 1 ಸೆಂ.ಮೀ. ಹಿಮ ಎಂದು ಲೆಕ್ಕ. ಆಗುಂಬೆಯ ವರ್ಷದ ಮಳೆ ಸುಮಾರು 7,600 ಮಿ.ಮೀ. ಅಷ್ಟೂ ಹಿಮವಾಗಿ ಬಿದ್ದಿದ್ದರೆ ಎಷ್ಟು ಮೀಟರ್ ಆಗುತ್ತಿತ್ತು ಎಂಬ ಲೆಕ್ಕ ನೀನೇ ಮಾಡು.

ಫೆಬ್ರುವರಿಯಲ್ಲಿ ಅಮ್ಮ (68 ವರ್ಷ), ಹೆಂಡತಿ, 12 ವರ್ಷದ ಮಗಳ ಜೊತೆ ಹೊರಟಿದ್ದೇವೆ. ಯಾವ ವಾರ ಒಳ್ಳೆಯದು, ಏನು ಒಯ್ಯಬೇಕು, ಅಮ್ಮನನ್ನು ಮೇಲಿನವರೆಗೆ ಕರೆದೊಯ್ಯಬಹುದೇ?
– ಭದ್ರಾವತಿಯ ಓದುಗರು

ನಾವು ಆರಿದ್ರಾ, ಪುನರ್ವಸು, ಪುಷ್ಯ ಎಂದು ಮಳೆಗಾಲವನ್ನು ಭಾಗ ಮಾಡಿಕೊಂಡ ಹಾಗೆ ಕಾಶ್ಮೀರಿಗಳು ಚಳಿಗಾಲವನ್ನು ಮೂರು ಭಾಗ ಮಾಡಿದ್ದಾರೆ. ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಆಮೇಲೆ 20 ದಿನ ಚಿಲ್ಲೈ ಖುರ್ದ್, ಕೊನೆಗೆ 10 ದಿನ ಚಿಲ್ಲೈ ಬಚ್ಚಾ. ಸಂಸಾರ ಕಟ್ಟಿಕೊಂಡು ಹೋಗುವವರಿಗೆ ಎರಡನೆಯ ಭಾಗ, ಅಂದರೆ ಫೆಬ್ರುವರಿಯ ಮೊದಲ ಮೂರು ವಾರ, ವಾಸಿ. ಹಿಮ ಸಾಕಷ್ಟು ಕೂತಿರುತ್ತದೆ, ಚಳಿಯ ಕಟುತನ ಇಳಿದಿರುತ್ತದೆ. ಹಿಮ ಇದ್ದೇ ಇರುತ್ತದೆ ಎಂಬ ಖಾತರಿ ಈಗ ಯಾವ ವಾರಕ್ಕೂ ಇಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಬಯಲು ತಿಂಗಳ ಬಹುಪಾಲು ಒಣಗಿ ನಿಂತಿತ್ತು. 2025ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳ ಗುಲ್ಮಾರ್ಗ್ ಭಾಗವನ್ನು ಹಿಮ ಸಾಲದೆ ಫೆಬ್ರುವರಿಯಿಂದ ಮಾರ್ಚಿಗೆ ಮುಂದೂಡಬೇಕಾಯಿತು. ಹೊರಡುವ ವಾರದ ಮುಂಚೆ ಹವಾಮಾನ ವರದಿ ನೋಡಿ; ವಾಪಸಾಗುವ ವಿಮಾನಕ್ಕೂ ಗುಲ್ಮಾರ್ಗ್‌ಗೂ ನಡುವೆ ಒಂದು ದಿನ ಖಾಲಿ ಇಟ್ಟುಕೊಳ್ಳಿ. ಜೋರು ಹಿಮ ಬಿದ್ದ ದಿನ ವಿಮಾನವೂ ಹಾರುವುದಿಲ್ಲ, ರಸ್ತೆಯೂ ತೆರೆಯುವುದಿಲ್ಲ.

ಗುಡ್ಡದ ಬುಡದ ತಂಗ್‌ಮಾರ್ಗ್‌ನಿಂದ ಗುಲ್ಮಾರ್ಗ್‌ಗೆ ಹತ್ತುವ 13 ಕಿ.ಮೀ. ರಸ್ತೆಗೆ ಹಿಮ ಬಿದ್ದಾಗ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿ ಅಥವಾ ನಾಲ್ಕೂ ಚಕ್ರಕ್ಕೆ ಬಲವಿರುವ ಜೀಪು ಬೇಕು. ಶ್ರೀನಗರದಿಂದ ತಂದ ಟ್ಯಾಕ್ಸಿಯನ್ನು ತಂಗ್‌ಮಾರ್ಗ್‌ನಲ್ಲೇ ಬಿಡಬೇಕಾಗಬಹುದು. ಆ ಖರ್ಚನ್ನು ಮೊದಲೇ ಮಾತಾಡಿಕೊಳ್ಳಿ. ಗೊಂಡೊಲಾ ಟಿಕೆಟ್ಟನ್ನು ಅಧಿಕೃತ ಜಾಲತಾಣದಲ್ಲಿ ಮುಂಗಡವಾಗಿ ತೆಗೆದುಕೊಂಡೇ ಹೊರಡಿ. ಅಲ್ಲಿ ಹೋಗಿ ನಿಂತು ಟಿಕೆಟ್ ಕೊಡಿಸುವವರ ಕೈಗೆ ಸಿಕ್ಕಿಕೊಳ್ಳಬೇಡಿ. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ಒಬ್ಬರದ್ದಾದರೂ ಪೋಸ್ಟ್‌ಪೇಯ್ಡ್ ಇರಲಿ.

ಬಟ್ಟೆಯ ವಿಷಯದಲ್ಲಿ ನಮ್ಮವರು ಮಾಡುವ ತಪ್ಪು ಒಂದೇ: ಹತ್ತಿ ಬನಿಯನ್ನಿನ ಮೇಲೆ ಎರಡು ಹತ್ತಿ ಅಂಗಿ, ಅದರ ಮೇಲೆ ದಪ್ಪ ಸ್ವೆಟರ್. ಹತ್ತಿ ಬೆವರು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ, ನಿಂತ ಕೂಡಲೇ ಮೈ ಕೊರೆಯುತ್ತದೆ. ಮೈಗೆ ಅಂಟಿ ಉಣ್ಣೆ ಅಥವಾ ಸಿಂಥೆಟಿಕ್ ಥರ್ಮಲ್, ಅದರ ಮೇಲೆ ಫ್ಲೀಸ್, ಹೊರಗೆ ಗಾಳಿ-ನೀರು ತಡೆಯುವ ಜಾಕೆಟ್. ಪ್ಯಾಂಟಿಗೂ ಇದೇ ಕ್ರಮ. ಜೀನ್ಸ್ ಬೇಡವೇ ಬೇಡ. ಉಣ್ಣೆಯ ಕೈಗವಸು ಹಿಮ ತಾಗಿದ ಹತ್ತು ನಿಮಿಷಕ್ಕೆ ಒದ್ದೆ, ಆದ್ದರಿಂದ ನೀರು ಹಿಡಿಯದ ಕೈಗವಸೇ ಬೇಕು. ಹಿಮ ಸೂರ್ಯನ ಅತಿನೇರಳೆ ಕಿರಣದ ಸುಮಾರು 80% ಭಾಗವನ್ನು ವಾಪಸು ಎರಚುತ್ತದೆ. ಮೋಡ ಇದ್ದರೂ ಯುವಿ ತಡೆಯುವ ಕನ್ನಡಕ ತೆಗೆಯಬಾರದು. ತೆಗೆದರೆ ರಾತ್ರಿ ಕಣ್ಣಿಗೆ ಮರಳು ಹೊಕ್ಕಂತೆ ಉರಿ. ಗಲ್ಲದ ಕೆಳಗೂ, ಮೂಗಿನ ಅಡಿಗೂ ಸನ್‌ಸ್ಕ್ರೀನ್ ಹಚ್ಚಬೇಕು, ಬಿಸಿಲು ಕೆಳಗಿನಿಂದಲೂ ಬರುತ್ತದೆ.

ಅಮ್ಮನ ವಿಚಾರ. ಮೊದಲ ಹಂತಕ್ಕೆ ಆರೋಗ್ಯವಂತರು ಆರಾಮಾಗಿ ಹೋಗಬಹುದು. ಎರಡನೇ ಹಂತದ ಕೊನೆಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ 62%ರ ಆಸುಪಾಸು. ಗುಲ್ಮಾರ್ಗ್‌ನಿಂದ ಹೊರಟವರು ಮೈ ಹೊಂದಿಕೊಳ್ಳಲು ಸಮಯವೇ ಕೊಡದೆ 1,300 ಮೀಟರ್ ಏರಿರುತ್ತಾರೆ. ಹೃದಯ, ಶ್ವಾಸಕೋಶದ ತೊಂದರೆ ಅಥವಾ ಹಿಡಿತಕ್ಕೆ ಬಾರದ ಬಿಪಿ ಇದ್ದರೆ ವೈದ್ಯರನ್ನು ಕೇಳದೆ ಹೋಗಬಾರದು. ಯಾರಿಗೇ ಆಗಲಿ ತಲೆನೋವು, ಓಕರಿಕೆ, ನಡೆಯುವಾಗ ತೂರಾಟ ಬಂದರೆ ಮಾತ್ರೆ ಕೊಟ್ಟು ಕೂರಿಸುವುದಲ್ಲ. ಮುಂದಿನ ಡಬ್ಬಿಗೇ ಕೆಳಗಿಳಿಸಿ. ಗುಲ್ಮಾರ್ಗ್‌ನಲ್ಲಿ ಒಂದು ರಾತ್ರಿ ಉಳಿದು ಮರುದಿನ ಮೇಲೆ ಹೋಗುವುದು ಎಲ್ಲರಿಗೂ ಒಳ್ಳೆಯದು.

ಬಾಡಿಗೆ ಸ್ಕೀ ತೊಟ್ಟು ಮೊದಲ ದಿನವೇ ಕಲಿಯಬಹುದೇ? ಕಾಲು ಮುರಿದುಕೊಳ್ಳುವ ಭಯ.
– ಶಿವಮೊಗ್ಗದ ಇಬ್ಬರು ಗೆಳತಿಯರು

ಮೊದಲ ದಿನ ನಿಲ್ಲುವುದು, ಬೀಳುವುದು, ಏಳುವುದು, ನಿಧಾನ ಮಾಡುವುದು, ಇಷ್ಟು ಬಂದರೆ ಧಾರಾಳ. ಕಾಲು ಉಳಿಯುವುದೂ ಹೋಗುವುದೂ ಬಾಡಿಗೆ ಅಂಗಡಿಯಲ್ಲಿ ನೀವು ಕಳೆಯುವ ಅರ್ಧ ಗಂಟೆಯ ಮೇಲೆ ನಿಂತಿದೆ. ಆತುರ ಮಾಡಬೇಡಿ.

ಸ್ಕೀ ಬೂಟಿನ ಅಳತೆ ಸೆಂಟಿಮೀಟರಿನಲ್ಲಿ ಇರುತ್ತದೆ. ಹಿಮ್ಮಡಿಯಿಂದ ಹೆಬ್ಬೆರಳ ತುದಿಗೆ 24 ಸೆಂ.ಮೀ. ಇದ್ದರೆ 24ರ ಬೂಟು. ತೆಳ್ಳನೆಯ ಉದ್ದ ಕಾಲುಚೀಲ ಒಂದೇ ಜೊತೆ. ಎರಡು ಹಾಕಿದರೆ ರಕ್ತ ಓಡದೆ ಇನ್ನೂ ಚಳಿಯಾಗುತ್ತದೆ. ಥರ್ಮಲ್ ಪ್ಯಾಂಟಿನ ಅಂಚನ್ನು ಬೂಟಿನೊಳಗೆ ತುರುಕಬೇಡಿ, ಆ ನಿರಿಗೆ ಮಧ್ಯಾಹ್ನದ ಹೊತ್ತಿಗೆ ಮೊಣಕಾಲ ಕೆಳಗಿನ ಎಲುಬನ್ನು ಕೊರೆಯುತ್ತದೆ. ಬೂಟು ತೊಟ್ಟು ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಆಮೇಲೆ ಹಿಮ್ಮಡಿ ಹಿಡಿದುಕೊಳ್ಳುವ ಕಣಕಾಲಿನ ಬಳಿಯ ಬಕಲ್ ಮೊದಲು ಬಿಗಿಯಿರಿ, ಬೆರಳ ಕಡೆಯದು ಸಡಿಲವೇ ಇರಲಿ. ನೆಟ್ಟಗೆ ನಿಂತಾಗ ಬೆರಳು ಮುಂದೆ ಸವರಬೇಕು, ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು. ಬಗ್ಗಿದಾಗ ಹಿಮ್ಮಡಿ ಮೇಲೆದ್ದರೆ ಬೂಟು ದೊಡ್ಡದು, ಬದಲಿಸಿ. ಸ್ಕೀಯ ಉದ್ದ ಹೊಸಬರಿಗೆ ಎದೆಯ ಮೇಲ್ಭಾಗಕ್ಕೂ ಗಲ್ಲಕ್ಕೂ ನಡುವೆ ಸಾಕು.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನ ಕೆಲಸ ಬಿದ್ದಾಗ ಬಿಟ್ಟುಕೊಡುವುದು. ಮುಂದಿನದು ಪಕ್ಕಕ್ಕೆ, ಹಿಂದಿನದು ಮೇಲಕ್ಕೆ ಬಿಡುತ್ತದೆ. ಎಷ್ಟು ಬಲಕ್ಕೆ ಬಿಡಬೇಕು ಎಂಬುದಕ್ಕೆ ಡಿಐಎನ್ ಎಂಬ ಅಂಕಿ ಇದೆ, ಸಣ್ಣ ಕಿಟಕಿಯಲ್ಲಿ ಕಾಣುತ್ತದೆ. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಅನುಭವ, ಇಷ್ಟನ್ನು ಕೇಳಿಯೇ ಅದನ್ನು ಹೊಂದಿಸಬೇಕು. 60 ಕೆ.ಜಿ. ತೂಕದ ಹೊಸಬರಿಗೆ ಸಾಮಾನ್ಯವಾಗಿ 4ರಿಂದ 5. ಏನೂ ಕೇಳದೆ ಹಿಂದಿನ ಗಿರಾಕಿಯ ಅಂಕಿಯಲ್ಲೇ ಕೊಟ್ಟರೆ ಆ ಅಂಗಡಿ ಬಿಟ್ಟು ಮುಂದಿನದಕ್ಕೆ ಹೋಗಿ. ಅಂಕಿ ಹೆಚ್ಚಿದ್ದರೆ ಸ್ಕೀ ಬಿಡುವ ಬದಲು ಮಂಡಿ ತಿರುಚುತ್ತದೆ.

ತೊಡುವಾಗ ಬೂಟಿನ ಅಡಿಗೆ ಅಂಟಿದ ಹಿಮವನ್ನು ಬೈಂಡಿಂಗ್ ಅಂಚಿಗೆ ಉಜ್ಜಿ ಪೂರ್ತಿ ತೆಗೆಯಿರಿ. ಬೆರಳಷ್ಟು ಹಿಮ ಉಳಿದರೂ ಮುಂಭಾಗ ಸರಿಯಾಗಿ ಕೂರುವುದಿಲ್ಲ, ಮೊದಲ ತಿರುವಿನಲ್ಲೇ ಕಳಚುತ್ತದೆ. ನಿಧಾನ ಮಾಡಲು ಎರಡು ಸ್ಕೀಗಳ ಮೂತಿ ಹತ್ತಿರ ತಂದು, ಬಾಲ ಅಗಲಿಸಿ, ಹೆಬ್ಬೆರಳ ಬದಿಗೆ ಒತ್ತಿ. ಎಡಗಾಲಿಗೆ ಭಾರ ಹಾಕಿದರೆ ಬಲಕ್ಕೆ ತಿರುಗುತ್ತೀರಿ, ಬಲಗಾಲಿಗೆ ಹಾಕಿದರೆ ಎಡಕ್ಕೆ. ಎಲ್ಲರೂ ಎಡವುವ ಜಾಗ ಇಲ್ಲೇ. ಭಯವಾದ ಕೂಡಲೇ ಮೈ ಹಿಂದಕ್ಕೆ ವಾಲುತ್ತದೆ, ಮೂತಿಯ ಮೇಲಿನ ಭಾರ ಹೋಗುತ್ತದೆ, ಸ್ಕೀ ಹೇಳಿದ ಮಾತು ಕೇಳದೆ ಓಡುತ್ತದೆ. ಮೊಣಕಾಲ ಮುಂಭಾಗ ಸದಾ ಬೂಟಿನ ನಾಲಿಗೆಗೆ ಒತ್ತಿಕೊಂಡಿರಲಿ. ಎಳೆಯುವ ಲಿಫ್ಟಿನಲ್ಲಿ ಅದರ ಮೇಲೆ ಕೂರಬೇಡಿ. ಅದು ಎಳೆಯುತ್ತದೆಯೇ ಹೊರತು ಹೊರುವುದಿಲ್ಲ.

ಎರಡನೇ ಹಂತದಿಂದ ಸ್ಕೀ ಮಾಡುತ್ತ ಇಳಿಯುವವರು ಹಿಮಕುಸಿತಕ್ಕೆ ಸಿಕ್ಕ ಸುದ್ದಿ ಪ್ರತಿವರ್ಷ ಓದುತ್ತೇವೆ. ಯಾಕೆ ಹೀಗೆ?
– ಶೃಂಗೇರಿಯ ಓದುಗರು

ಯುರೋಪಿನ ಕೇಂದ್ರಗಳಂತೆ ಅಫರ್‌ವತ್‌ನ ಇಳಿಜಾರನ್ನು ಯಂತ್ರದಿಂದ ಒತ್ತಿ ಹದ ಮಾಡಿಲ್ಲ. ಗೊಂಡೊಲಾ ಕೆಳಗಿನ ಭಾಗವನ್ನು ಮಾತ್ರ ಗಸ್ತಿನವರು ಸ್ಫೋಟಕ ಸಿಡಿಸಿ ಸುರಕ್ಷಿತ ಮಾಡುತ್ತಾರೆ. ಆ ಗಡಿ ದಾಟಿದರೆ ಕಾಡು ಪರ್ವತ. ಹಿಮ ಹೆಚ್ಚಾಗಿ ಕುಸಿಯುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಸ್ಕೀಗೆ ಅತಿ ರುಚಿ ಎನಿಸುವುದೂ ಅಂಥ ಇಳಿಜಾರೇ. ಜೋರು ಹಿಮ ಅಥವಾ ಗಾಳಿಯ ಮರುದಿನ ಅತಿ ಅಪಾಯ; ಹಳೆಯ ಪದರದ ಮೇಲೆ ಹೊಸ ಪದರ ಇನ್ನೂ ಬೆಸೆದುಕೊಂಡಿರುವುದಿಲ್ಲ, ಒಬ್ಬನ ಭಾರಕ್ಕೇ ಚಪ್ಪಡಿಯಂತೆ ಕಳಚುತ್ತದೆ. 2010ರ ಫೆಬ್ರುವರಿಯಲ್ಲಿ ಇಲ್ಲಿ ತರಬೇತಿಯಲ್ಲಿದ್ದ 17 ಸೈನಿಕರು ಸತ್ತರು. 2023 ಮತ್ತು 2024ರ ಫೆಬ್ರುವರಿಗಳಲ್ಲಿ ವಿದೇಶಿ ಸ್ಕೀಯರ್‌ಗಳು ಜೀವ ಕಳೆದುಕೊಂಡರು.

ಹೂತುಹೋದವರನ್ನು 15 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. 35 ನಿಮಿಷಕ್ಕೆ ಅದು ಮೂವರಿಗೆ ಇಳಿಯುತ್ತದೆ. ಅಷ್ಟರಲ್ಲಿ ಕೆಳಗಿನಿಂದ ಯಾರೂ ಬಂದು ಮುಟ್ಟುವುದಿಲ್ಲ, ಉಳಿಸುವವರು ಜೊತೆಗಿದ್ದವರೇ. ಸಂಕೇತ ಕಳಿಸುವ ಬೀಕನ್, ಚುಚ್ಚಿ ಹುಡುಕುವ ಕೋಲು, ಸಲಿಕೆ, ಈ ಮೂರೂ ಪ್ರತಿಯೊಬ್ಬರ ಬಳಿ ಇರಬೇಕು, ಬಳಸಲೂ ಬರಬೇಕು. ಇಲ್ಲವಾದರೆ ಎರಡನೇ ಹಂತಕ್ಕೆ ಹೋಗಿ ನೋಡಿ ಡಬ್ಬಿಯಲ್ಲೇ ಇಳಿಯಿರಿ.

ಹಿಮ ಬೀಳದಿದ್ದರೆ ಯಂತ್ರದಿಂದ ಮಾಡಬಹುದಂತೆ. ಹಾಗಾದರೆ ಚಿಂತೆ ಏಕೆ?
– ಕೊಪ್ಪದ ಓದುಗರು

ಮಾಡಬಹುದು, 1950ರಿಂದಲೇ ಅಮೆರಿಕದಲ್ಲಿ ಮಾಡುತ್ತಿದ್ದಾರೆ. ಒತ್ತಡದ ಗಾಳಿಯಲ್ಲಿ ನೀರನ್ನು ಸಣ್ಣ ಹನಿಯಾಗಿ ಸಿಡಿಸಿದರೆ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತದೆ. ಆದರೆ ಅದಕ್ಕೂ ಚಳಿ ಬೇಕು. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ಮೈನಸ್ 2 ಡಿಗ್ರಿಗಿಂತ ಕೆಳಗೆ ತೋರಿಸಬೇಕು. ಇನ್ನು ನೀರು: ಒಂದು ಹೆಕ್ಟೇರಿಗೆ 30 ಸೆಂ.ಮೀ. ಹಿಮ ಹಾಸಲು 3,000 ಘನ ಮೀಟರ್ ಹಿಮ, ಅದಕ್ಕೆ 12ರಿಂದ 15 ಲಕ್ಷ ಲೀಟರ್ ನೀರು. 12 ಸಾವಿರ ಲೀಟರಿನ ಟ್ಯಾಂಕರ್ ಆದರೆ ನೂರಕ್ಕೂ ಮೇಲೆ. ಔಲಿಯಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕಾಗಿ ಹಿಮ ಮಾಡುವ ಯಂತ್ರ ತಂದು ಗುಡ್ಡದ ಮೇಲೇ ಕೃತಕ ಕೆರೆ ಕಟ್ಟಿದ್ದು ಇದೇ ಕಾರಣಕ್ಕೆ. ಅದೇ ಗುಡ್ಡದ ಕೆಳಗಿನ ಜೋಶಿಮಠದ ನೆಲ ಕುಸಿಯತೊಡಗಿ 2023ರ ಜನವರಿಯಲ್ಲಿ ರೋಪ್‌ವೇಯನ್ನೇ ನಿಲ್ಲಿಸಿದರು. ಔಲಿಗೆ ಹೋಗುವವರು ರಸ್ತೆಯನ್ನೇ ನಂಬಿ ಹೊರಡಿ.

ನಮ್ಮ ಕರ್ನಾಟಕದವರು ಯಾರಾದರೂ ಸ್ಕೀಯಲ್ಲಿ ಹೆಸರು ಮಾಡಿದ್ದಾರಾ? ಹಿಮ ಇಲ್ಲದ ಊರಲ್ಲಿ ಅಭ್ಯಾಸ ಮಾಡೋದು ಹೇಗೆ?
– ಶಿಕಾರಿಪುರದ ದೈಹಿಕ ಶಿಕ್ಷಣ ಶಿಕ್ಷಕರು

ಮಾಡಿದ್ದಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಖೇಲೋ ಇಂಡಿಯಾ ಕ್ರೀಡೆಗಳಲ್ಲಿ ಕರ್ನಾಟಕಕ್ಕೆ ಪದಕ ತಂದವರು, ಅಂತರರಾಷ್ಟ್ರೀಯ ಕಣದಲ್ಲೂ ಸ್ಪರ್ಧಿಸುತ್ತಿದ್ದಾರೆ. ಇದು ಗುಡ್ಡದಿಂದ ಜಾರುವ ಆಟವಲ್ಲ, ಏರಿಳಿತದ ಹಿಮದಲ್ಲಿ ಕೋಲೂರಿಕೊಂಡು ಕಿಲೋಮೀಟರ್‌ಗಟ್ಟಲೆ ಓಡುವ ಆಟ. ಗುಡ್ಡ ಹತ್ತಿ ಇಳಿದು ಬೆಳೆದ ಮಲೆನಾಡಿನ ಮಕ್ಕಳ ಉಸಿರಿಗೆ ಇದು ಒಗ್ಗುತ್ತದೆ ಎಂಬುದು ನಮ್ಮ ನಂಬಿಕೆ.

ಹಿಮವಿಲ್ಲದ ಕಡೆ ರೋಲರ್ ಸ್ಕೀ ಬಳಸುತ್ತಾರೆ: ಸುಮಾರು ಮುಕ್ಕಾಲು ಮೀಟರ್ ಉದ್ದದ ಪಟ್ಟಿ, ಎರಡು ತುದಿಗೆ ಚಕ್ರ, ನಡುವೆ ಬೂಟಿನ ಬೈಂಡಿಂಗ್. ಹೆಚ್ಚಿನವಕ್ಕೆ ಬ್ರೇಕ್ ಇರುವುದಿಲ್ಲ, ಆದ್ದರಿಂದ ಮೊದಲ ವಾರಗಳಲ್ಲಿ ಸಮತಟ್ಟಾದ ಟಾರು ಅಂಗಳವೇ ಬೇಕು. ಘಾಟಿ ರಸ್ತೆ ಬೇಡ. ಕೋಲಿನ ತುದಿಗೆ, ಹಿಮದಲ್ಲಿ ಹೂತುಹೋಗದಂತೆ ಹಾಕುವ ಬುಟ್ಟಿಯ (ಬಿಲ್ಲೆಯ) ಬದಲು ಗಟ್ಟಿ ಲೋಹದ ಮೊನೆ ಹಾಕಬೇಕು, ಅದು ಮೊಂಡಾದರೆ ಟಾರಿನ ಮೇಲೆ ಜಾರುತ್ತದೆ. ಹೆಲ್ಮೆಟ್, ಮೊಣಕಾಲು-ಮೊಣಕೈ ಕವಚ ಕಡ್ಡಾಯ. ಒದ್ದೆ ರಸ್ತೆಯಲ್ಲಿ ಅಭ್ಯಾಸ ಮಾಡಿಸಬೇಡಿ. ನಮ್ಮ ಕಡೆ ಅಂದರೆ ನವೆಂಬರಿನಿಂದ ಮೇ ತನಕದ ಕೆಲಸ ಇದು. ಜೂನ್ ಬಂದ ಮೇಲೆ ಒಳಾಂಗಣದಲ್ಲಿ ಒಂಟಿಗಾಲಿನ ಸಮತೋಲ, ಹೊಟ್ಟೆ ಮತ್ತು ತೋಳಿನ ಕಸರತ್ತು ಮಾಡಿಸಿ.